ಕಾಸರಗೋಡು–ದಕ್ಷಿಣ ಕನ್ನಡ: ಬದುಕಿನ ಮಟ್ಟದ ಹೋಲಿಕೆ

1956ರ ನವೆಂಬರ್ 1ಕ್ಕೆ ಮುಂಚೆ ಕಾಸರಗೋಡು, ಮಂಗಳೂರು ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು.

2011ರ ಜನಗಣತಿಯಂತೆ ಸಾಕ್ಷರತೆ ಎರಡೂ ಕಡೆ ಹೆಚ್ಚುಕಡಿಮೆ ಸಮ: ಕಾಸರಗೋಡು ಜಿಲ್ಲೆಯಲ್ಲಿ ಸುಮಾರು ಶೇ. 90, ದಕ್ಷಿಣ ಕನ್ನಡದಲ್ಲಿ ಶೇ. 88.6.

ವ್ಯತ್ಯಾಸ ತಿಳಿಯುವುದು ದೊಡ್ಡ ಕಾಯಿಲೆ ಬಂದಾಗ. ಮಂಗಳೂರಿನಲ್ಲಿ ವೆನ್ಲಾಕ್ ಸರಕಾರಿ ಆಸ್ಪತ್ರೆಯ ಜೊತೆಗೆ ಹಲವು ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ನಮ್ಮ ಜಿಲ್ಲೆಯ ಸರಕಾರಿ ವೈದ್ಯಕೀಯ ಕಾಲೇಜಿಗೆ ಉಕ್ಕಿನಡ್ಕದಲ್ಲಿ ಶಿಲಾನ್ಯಾಸವಾದದ್ದೇ 2013ರಲ್ಲಿ. ಹಾಗಾಗಿ ಮಂಜೇಶ್ವರ, ಉಪ್ಪಳ, ಕುಂಬಳೆಯವರು ಚಿಕಿತ್ಸೆಗೆ ತಲಪಾಡಿ ದಾಟುವುದು ರೂಢಿ.

2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣ ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳೂ ಅಲ್ಲೇ ನಿಂತವು. ಸಕಾಲದಲ್ಲಿ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಜಿಲ್ಲೆಯೊಳಗೆ ಪೂರ್ಣ ಪ್ರಮಾಣದ ಆಸ್ಪತ್ರೆ, ರೋಗಿಗಳಿಗೆ ಸದಾ ತೆರೆದ ಗಡಿದಾರಿ – ಗಡಿನಾಡಿನ ನಮಗೆ ಇವೆರಡೂ ಬೇಕು.