ಕುರ್ಚಿಯೂ ಮಣೆಯೂ

ಮಲಪ್ರಭೆಯ ದಡದ ಐಹೊಳೆಗೆ ಹೋದವರು ಲಾಡಖಾನ ಗುಡಿಯ ಮುಖಮಂಟಪದಲ್ಲಿ ಒಂದು ಗಳಿಗೆಯಾದರೂ ಕುಳಿತು ದಣಿವಾರಿಸಿಕೊಂಡಿರಬೇಕು. ಅಲ್ಲಿ ಕಂಬಗಳ ನಡುವೆ ಕಲ್ಲಿನ ಜಗಲಿ ಉಂಟು. ಅದಕ್ಕೆ ಹೊರಕ್ಕೆ ಓರೆಯಾಗಿ ಚಾಚಿದ ಒರಗು. ವಾಸ್ತುವನ್ನು ಬಲ್ಲವರು ಇದನ್ನು ಕಕ್ಷಾಸನವೆನ್ನುತ್ತಾರೆ. ಗುಡಿ 7-8ನೆಯ ಶತಮಾನದ್ದು. ಬಹುಕಾಲದ ಮೇಲೆ ಲಾಡಖಾನರೆಂಬವರೊಬ್ಬರು ಅದನ್ನೇ ಮನೆಮಾಡಿಕೊಂಡಿದ್ದರಂತೆ, ಹೆಸರು ಅವರದು. ಬೆನ್ನೊರಗಿಸಿ ಕೂರುವ ಸುಖ ಚಾಲುಕ್ಯರ ಕಾಲಕ್ಕೇ ನಮಗೆ ತಿಳಿದಿದ್ದ ಮೇಲೆ ‘ಕುರ್ಚಿ’ ಎಂಬ ಹೊರಗಿನ ಮಾತೇಕೆ ಬೇಕಾಯಿತು?

ಕಕ್ಷಾಸನ ಕಟ್ಟಡದ ಅಂಗ, ಕದಲಿಸಲಾಗದು. ಮನೆಯೊಳಗೆ ನಮ್ಮ ಹಿರಿಯರು ಕೂರುತ್ತಿದ್ದುದು ಚಾಪೆಯ ಮೇಲೆ, ಮಣೆಯ ಮೇಲೆ. ಎತ್ತಿ ಇಡಬಹುದಾದ ಒರಗುಪೀಠ ಮನೆಮನೆಗೆ ಬಂದಾಗ ಅದರೊಡನೆ ಅದರ ಹೆಸರೂ ಬಂತು.

ಆ ಹೆಸರಿನ ವಂಶಾವಳಿ ದೊಡ್ಡದು. ಅರಬ್ಬಿಯಲ್ಲಿ ಅದು ‘ಕುರ್ಸೀ’. ಅದಕ್ಕೆ ಹಿಂದೆ ಅರಮಾಯಿಕ್ ಭಾಷೆಯಲ್ಲಿತ್ತು. ಇನ್ನೂ ಹಿಂದೆ ಬಾಬಿಲೋನಿಯದ ಅಕ್ಕಾಡಿಯನ್ ಭಾಷೆಯಲ್ಲಿ ‘ಕುಸ್ಸೂ’. ಅಲ್ಲಿ ಅರಸರ ಸಿಂಹಾಸನಕ್ಕೂ ಅದೇ ಮಾತು. ಕುರಾನಿನ ಪ್ರಸಿದ್ಧವಾದ ‘ಆಯತುಲ್ ಕುರ್ಸೀ’ಯಲ್ಲಿ ಅದು ದೇವರ ಪೀಠ. ನಮ್ಮಲ್ಲಿ ಅದೇ ಮಾತು ಗುಮಾಸ್ತರ ಮೇಜಿನ ಮುಂದೆ ನಿಂತಿದೆ!

ದಖ್ಖಣದ ಸುಲ್ತಾನರ ಆಳ್ವಿಕೆಯಲ್ಲಿ ಪಾರಸಿ ರಾಜಭಾಷೆಯಾಗಿತ್ತಷ್ಟೆ. ಆದರೆ ಪಾರಸಿಯಲ್ಲಿಯೂ ಹಿಂದುಸ್ತಾನಿಯಲ್ಲಿಯೂ ಕೊನೆಯ ಅಕ್ಷರ ‘ಸಿ’. ಮರಾಠಿಯಲ್ಲಿ ‘ಖುರ್ಚಿ’, ತೆಲುಗಿನಲ್ಲಿ ‘ಕುರ್ಚೀ’. ಆದುದರಿಂದ ಇದು ನೇರವಾಗಿ ದರಬಾರಿನಿಂದಲ್ಲ, ನೆರೆಯವರ ಬಾಯಿಂದ ನಮಗೆ ಬಂದಿತೆಂದು ನನ್ನ ಊಹೆ. ಮಲೆಯಾಳಿಗಳ ‘ಕಸೇರ’ ಪೋರ್ಚುಗೀಸರ ಕೊಡುಗೆ. ತಮಿಳರು ಮಾತ್ರ ‘ನಾಲ್ಕು ಕಾಲಿನದು’ ಎಂಬರ್ಥದ ಸ್ವಂತ ಪದವನ್ನು ಕಟ್ಟಿಕೊಂಡರು.

ನಾವೂ ಕುರ್ಚಿಯನ್ನು ಹೊರಗಟ್ಟಿ ಕಕ್ಷಾಸನವನ್ನೋ ಒರಗುಮಣೆಯನ್ನೋ ತರಬೇಕೆನ್ನುವ ಭಾಷಾಭಿಮಾನಿಗಳುಂಟು. ನನಗೆ ಒಪ್ಪಿಗೆಯಿಲ್ಲ. ಐಹೊಳೆಯೇ ಅಯ್ಯಾವೊಳೆ, ಅದರ ಹೆಸರು ಹೊತ್ತ ಐನೂರ್ವರ ವರ್ತಕಸಂಘದ ಪ್ರಸ್ತಾಪ ಸುಮಾತ್ರದಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿದೆ. ಕಡಲಾಚೆಗೆ ಹೆಸರು ಕಳಿಸಿದ ನಾಡು ಕಡಲಾಚೆಯ ಹೆಸರೊಂದಕ್ಕೆ ಬಾಗಿಲು ಮುಚ್ಚುವುದು ಚೆನ್ನಲ್ಲ.

ಕುರ್ಚಿ ಬಂದುದರಿಂದ ಮಣೆಯೇನೂ ಅಳಿಯಲಿಲ್ಲ. ಮಣೆ ಅಚ್ಚ ದ್ರಾವಿಡ ಪದ, ತಮಿಳಿನಲ್ಲಿ ‘ಮಣೈ’. ಈಳಿಗೆಮಣೆ, ಚೆನ್ನೆಮಣೆ ಎಂದು ಅದರ ಸಂಸಾರ ದೊಡ್ಡದು. ಒಬ್ಬರನ್ನು ಗೌರವಿಸಿದರೆ ಈಗಲೂ ‘ಮಣೆ ಹಾಕಿದರು’ ಎನ್ನುತ್ತೇವೆ. ಕುರ್ಚಿಗಾದರೋ ಜನ ‘ಅಂಟಿಕೊಳ್ಳುತ್ತಾರೆ’, ಅದಕ್ಕಾಗಿ ‘ಕಾದಾಡುತ್ತಾರೆ’. ಆರತಕ್ಷತೆಯಲ್ಲಿ ಮಖಮಲ್ಲಿನ ಕುರ್ಚಿಯ ಮೇಲೆ ಮೆರೆಯುವ ವಧೂವರರು ಧಾರೆಯ ಹೊತ್ತಿಗೆ ಹಸೆಮಣೆಯನ್ನೇ ಏರುತ್ತಾರೆ.