ಉಕ್ಕು ಲಂಡನ್ನಿಗೆ ಹೋಗಿ ವೂಟ್ಜ್ ಆದದ್ದು

ಆನ್‌ಲೈನಿನಲ್ಲಿ 'ಡಮಾಸ್ಕಸ್' ಅಂತ ಮಾರೋ ಅಡುಗೆಮನೆ ಚಾಕು ನೋಡಿರ್ತೀರಿ. ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆ, ಬೆಲೆ ನೋಡಿದರೆ ಕೈ ತಾನಾಗೇ ಹಿಂದಕ್ಕೆ ಬರುತ್ತೆ. ಇವತ್ತಿನವು ಹೆಚ್ಚಾಗಿ ಬೇರೆ ಬೇರೆ ಉಕ್ಕಿನ ಪದರ ಬೆಸೆದು ಮಾಡಿದವು. ಹಳೇ ಅಸಲಿ ಅಲಗಿನ ಕಥೆಯೇ ಬೇರೆ. ಅದರಲ್ಲಿ ನಮ್ಮ ಕಡೆಯ ಮೂಸೆಗಳಿವೆ, ಲಂಡನ್ನಿನ ಒಬ್ಬ ಚಾಕು ಮಾಡೋನೂ ಇದ್ದಾನೆ.

ಅವನ ಹೆಸರು ಜೇಮ್ಸ್ ಸ್ಟೊಡಾರ್ಟ್. ಸ್ಟ್ರ್ಯಾಂಡ್ ಬೀದಿಯಲ್ಲಿ ಅಂಗಡಿ. ಕ್ಷೌರದ ಕತ್ತಿ, ಶಸ್ತ್ರವೈದ್ಯರ ಸಲಕರಣೆ ಅವನ ಕಸುಬು. 1794ರಲ್ಲಿ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಬೊಂಬಾಯಿಯಿಂದ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಒಂದಿಷ್ಟು ಉಕ್ಕಿನ ಗಟ್ಟಿ ಕಳಿಸಿದ. ಹೆಸರು 'ವೂಟ್ಜ್'. ನಮ್ಮ 'ಉಕ್ಕು' ಬಾಯಿಂದ ಕಾಗದಕ್ಕೆ ಇಳಿಯುವಾಗ ಹೀಗಾಯ್ತು ಅನ್ನೋದು ಬಹಳ ಜನ ಒಪ್ಪಿದ ಮಾತು. (ತೆಲುಗರೂ ಉಕ್ಕು ಅಂತಲೇ ಅಂತಾರೆ, ಜಗಳ ಬೇಡ.)

ಕಬ್ಬಿಣದ ತುಂಡು, ಆವರಿಕೆ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ. ಇಷ್ಟನ್ನು ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ, ತಿದಿ ಊದಿ ಕರಗಿಸೋದು ಮೈಸೂರು ಸೀಮೆಯ ಕ್ರಮ. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರುತ್ತೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಇಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕನನ್ ಈ ಕೆಲಸದ ವಿವರ ಬರೆದಿಟ್ಟ. ಆದರೆ ಇಂಗಾಲ ನೂರಕ್ಕೆ ಒಂದೂವರೆಯಷ್ಟಿರೋ ಈ ಉಕ್ಕು ಮಹಾ ಮೊಂಡು. ಕಾವು ಮಿತಿ ಮೀರಿದರೆ ಸುತ್ತಿಗೆ ಏಟಿಗೆ ಪುಡಿಪುಡಿ. ಕಡಿಮೆಯಾದರೆ ಬಗ್ಗೋದೇ ಇಲ್ಲ.

ಸ್ಟೊಡಾರ್ಟ್ ಅದನ್ನು ಪಳಗಿಸಿ ಒಂದು ಪೆನ್ನುಚಾಕು ಮಾಡಿಕೊಟ್ಟ. ವೂಟ್ಜ್ ಬಗ್ಗೆ ಜಾರ್ಜ್ ಪಿಯರ್ಸನ್ 1795ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವನ ಹೆಸರಿದೆ. ಗಟ್ಟಿ ಕರಗಿಸಿದವನದ್ದಿಲ್ಲ. ನನಗೆ ಚುಚ್ಚೋದು ಇದೇ. ಹಾಗಂತ ಸ್ಟೊಡಾರ್ಟ್‌ನನ್ನು ಬೈಯೋಕೂ ಮನಸ್ಸಾಗಲ್ಲ. ಯೂರೋಪಿನ ಒಳ್ಳೇ ಉಕ್ಕಿಗಿಂತ ಭಾರತದ ವೂಟ್ಜೇ ತನಗೆ ಮೇಲು ಅಂತ ಅಂಗಡಿಯ ಕಾರ್ಡಿನ ಮೇಲೇ ಅಚ್ಚು ಹಾಕಿಸಿದ್ದ ಪುಣ್ಯಾತ್ಮ!

ಮುಂದೆ ಅವನ ಜೊತೆಗೂಡಿದ್ದು ಮೈಕೆಲ್ ಫ್ಯಾರಡೆ. ಅವನೂ ಕಮ್ಮಾರನ ಮಗನೇ. ವೂಟ್ಜ್‌ನ ಗುಟ್ಟು ಅಲ್ಯೂಮಿನಿಯಂನಲ್ಲಿದೆ ಅಂದುಕೊಂಡರು, ತಪ್ಪಾಯ್ತು. ಆ ಹುಡುಕಾಟದಲ್ಲೇ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ ಬೆರೆಸಿ ನೋಡಿದರು. 1823ರಲ್ಲಿ ಸ್ಟೊಡಾರ್ಟ್ ತೀರಿಕೊಂಡ. ಫ್ಯಾರಡೆ ಸ್ವಲ್ಪದರಲ್ಲೇ ಉಕ್ಕಿನ ಕೆಲಸ ಬಿಟ್ಟ. ಅವರ ಮಾದರಿಗಳು ಒಂದು ಮರದ ಪೆಟ್ಟಿಗೆಯಲ್ಲಿ ಉಳಿದವು. ನೂರು ವರ್ಷದ ಮೇಲೆ ರಾಬರ್ಟ್ ಹ್ಯಾಡ್‌ಫೀಲ್ಡ್ ಆ 79 ತುಂಡುಗಳನ್ನು ಪರೀಕ್ಷಿಸಿ, 1931ರಲ್ಲಿ ಪುಸ್ತಕ ಬರೆದ. ಪೆಟ್ಟಿಗೆಯ ಮೇಲೆ ಇದ್ದದ್ದು ಫ್ಯಾರಡೆ ಹೆಸರು.