ಜಮಖಂಡಿಯಿಂದ ಹೊಸಕೋಟೆಗೆ: ಕಾಂತೀಯ ಶ್ವೇತಕುಬ್ಜ ಯಮಳಗಳ ಬಹುತರಂಗಾಂತರ ವೀಕ್ಷಣೆಯ ಚಾರಿತ್ರಿಕ ಹಿನ್ನೆಲೆ

ಕರ್ನಾಟಕದಲ್ಲಿ ಆಧುನಿಕ ಖಗೋಳವಿಜ್ಞಾನದ ಚರಿತ್ರೆಯನ್ನು ಬೆಂಗಳೂರಿನ ಸಂಸ್ಥೆಗಳಿಂದ ಆರಂಭಿಸುವುದು ರೂಢಿ. ಬೆಳಗಾವಿ ಸೀಮೆಯ ಕಡೆಯಿಂದ ನೋಡಿದಾಗ ಅದರ ಆರಂಭ ಇನ್ನೂ ಹಿಂದಕ್ಕೆ ಸರಿಯುತ್ತದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು, ಬೆಳಗಾವಿಯ ನೆರೆಯ ಜಮಖಂಡಿ ಸಂಸ್ಥಾನದಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕವನ್ನು ಹೂಡಿದ್ದನು. ಮಳೆಗಾಲದ ಮೋಡಗಳ ನಡುವೆ ದೊರೆತ ಅಲ್ಪಾವಕಾಶದಲ್ಲಿ ಸೂರ್ಯನ ಚಾಚುಗಳಿಂದ ಬಂದ ಉಜ್ವಲ ರೇಖೆಗಳನ್ನು ಆತ ಗುರುತಿಸಿದನು. ಚಾಚುಗಳು ಕಾದ ಅನಿಲವೆಂಬುದು ಇದರಿಂದ ಖಚಿತವಾಯಿತು. ಬೆಳಕನ್ನು ಅದರ ತರಂಗಾಂತರಗಳಿಗನುಗುಣವಾಗಿ ಬಿಡಿಸಿ ಓದುವ ಈ ಕ್ರಮವೇ ಮುಂದಿನ ಸಂಶೋಧನೆಗೆ ತಳಹದಿಯಾಯಿತು.

ಶ್ವೇತಕುಬ್ಜವೆಂದರೆ ಇಂಧನ ಮುಗಿದ ನಕ್ಷತ್ರದ ಅವಶೇಷ. ಅದರ ದ್ರವ್ಯರಾಶಿ ಸೂರ್ಯನ ಸುಮಾರು 1.4ರಷ್ಟನ್ನು ಮೀರದೆಂಬ ಮಿತಿಯನ್ನು ಎಸ್. ಚಂದ್ರಶೇಖರ್ 1930ರ ದಶಕದಲ್ಲಿ ಪ್ರತಿಪಾದಿಸಿದರು. ಇಂತಹ ಕಾಯಗಳಿಗೆ ಪ್ರಬಲ ಕಾಂತಕ್ಷೇತ್ರವಿರಬಹುದೆಂಬುದಕ್ಕೆ 1970ರಲ್ಲಿ ಬೆಳಕಿನ ವೃತ್ತೀಯ ಧ್ರುವೀಕರಣದ ಮೂಲಕ ಪುರಾವೆ ದೊರೆಯಿತು. 1976ರಲ್ಲಿ ಸ್ಯಾಂಟಿಯಾಗೊ ಟಾಪಿಯಾ ಎಎಂ ಹರ್ಕ್ಯುಲಿಸ್ ಎಂಬ ಯಮಳದಲ್ಲಿಯೂ ಅದನ್ನೇ ಕಂಡರು. ಇಲ್ಲಿ ಸಂಗಾತಿ ನಕ್ಷತ್ರದಿಂದ ಹರಿದ ಅನಿಲ ಕಾಂತರೇಖೆಗಳ ಗುಂಟ ಶ್ವೇತಕುಬ್ಜದ ಧ್ರುವಕ್ಕೆ ಅಪ್ಪಳಿಸುತ್ತದೆ; ಕೋಟ್ಯಂತರ ಡಿಗ್ರಿ ಕಾದ ಆ ಸ್ತಂಭ ಕ್ಷ-ಕಿರಣಗಳನ್ನು ಸೂಸುತ್ತದೆ. ಕಾಂತರೇಖೆಗಳನ್ನು ಸುತ್ತುವ ಎಲೆಕ್ಟ್ರಾನುಗಳು ದೃಗ್ಗೋಚರ ಮತ್ತು ಅವಕೆಂಪು ಬೆಳಕನ್ನೂ, ಕಾದ ಮೇಲ್ಮೈ ಅತಿನೇರಳೆಯನ್ನೂ ನೀಡುತ್ತವೆ. ಅನಿಲದ ಹರಿವು ಆಗಾಗ ಕುಗ್ಗುವುದರಿಂದ, ಒಂದು ದಿನದ ಕ್ಷ-ಕಿರಣದ ಅಳತೆಯನ್ನು ಮತ್ತೊಂದು ದಿನದ ಬೆಳಕಿನ ಅಳತೆಯೊಂದಿಗೆ ಕೂಡಿಸಿದರೆ ಶಕ್ತಿಯ ಲೆಕ್ಕವೇ ತಪ್ಪುತ್ತದೆ. ಏಕಕಾಲದ ವೀಕ್ಷಣೆ ಅನಿವಾರ್ಯವಾಗುವುದು ಈ ಕಾರಣದಿಂದ.

ಈ ದಿಸೆಯಲ್ಲಿ ಕರ್ನಾಟಕದ ಕೊಡುಗೆ ಗಮನಾರ್ಹ. 1901ರಲ್ಲಿ ಸ್ಫೋಟಿಸಿದ ಜಿಕೆ ಪರ್ಸಿಯೈ ಒಂದು ಕಾಂತೀಯ ಯಮಳ. ಅದರ ಶ್ವೇತಕುಬ್ಜ 351 ಸೆಕೆಂಡಿಗೊಮ್ಮೆ ತಿರುಗುವುದು ಕ್ಷ-ಕಿರಣಗಳಿಂದ ತಿಳಿದುಬಂದಿತು. ಸ್ಫೋಟದ ಅನಿಲಚಿಪ್ಪನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜಿ.ಸಿ. ಅನುಪಮಾ ಮತ್ತು ಪುಣೆಯ ನಿಮಿಷಾ ಕಾಂತಾರಿಯಾ ದೃಗ್ಗೋಚರ ಹಾಗೂ ರೇಡಿಯೋ ತರಂಗಗಳೆರಡರಲ್ಲಿಯೂ ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದರು. ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಿಂದ ನಡೆಸಲಾಗುತ್ತದೆ. ಬೃಹತ್ ಮೀಟರ್‌ತರಂಗ ರೇಡಿಯೋ ದೂರದರ್ಶಕ ಇರುವುದು ಪುಣೆಯ ಉತ್ತರಕ್ಕೆ. ಬೆಂಗಳೂರು-ಪುಣೆಗಳನ್ನು ಬೆಸೆಯುವ ರೈಲುಮಾರ್ಗ ಲೋಂಡಾ, ಖಾನಾಪುರ, ಬೆಳಗಾವಿಗಳ ಮೂಲಕವೇ ಸಾಗುತ್ತದೆ. ಈ ಪ್ರದೇಶದಲ್ಲಿ ದೊಡ್ಡ ವೀಕ್ಷಣಾಲಯ ನೆಲೆಗೊಳ್ಳಲು ಸಹ್ಯಾದ್ರಿಯ ಮುಂಗಾರು ಅನುಕೂಲವಲ್ಲ. ಹರ್ಷೆಲ್‌ನನ್ನು ಕಾಡಿದ ಮೋಡವನ್ನು ರೇಡಿಯೋ ತರಂಗ ಹಾಯ್ದು ಬರುತ್ತದೆ. ಕ್ಷ-ಕಿರಣವಾದರೋ ವಾಯುಮಂಡಲವನ್ನೇ ದಾಟಲಾರದು.

ಆ ಕೊರತೆಯನ್ನು ತುಂಬಿದ್ದು 2015ರ ಸೆಪ್ಟೆಂಬರ್ 28ರಂದು ಉಡಾವಣೆಗೊಂಡ ಆಸ್ಟ್ರೋಸ್ಯಾಟ್. ಅತಿನೇರಳೆ ಮತ್ತು ಕ್ಷ-ಕಿರಣಗಳನ್ನು ಒಂದೇ ಸಮಯದಲ್ಲಿ ಅಳೆಯುವುದು ಅದರ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ಅದರ ಅತಿನೇರಳೆ ದೂರದರ್ಶಕ ಸಜ್ಜುಗೊಂಡದ್ದೂ ಹೊಸಕೋಟೆಯಲ್ಲಿಯೇ. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್ ಕ್ಷ-ಕಿರಣಗಳ ಧ್ರುವೀಕರಣವನ್ನು ಅಳೆಯಲು ರೂಪುಗೊಂಡಿತು. ಅದರ ಮುಖ್ಯ ಉಪಕರಣವನ್ನು ರಾಮನ್ ಸಂಶೋಧನಾ ಸಂಸ್ಥೆ ನಿರ್ಮಿಸಿತು.

ಹೀಗೆ 1868ರ ಅಲ್ಪಾವಕಾಶದ ದಾಖಲೆಯಿಂದ ಹಲವು ಸಂಸ್ಥೆಗಳ ಸಹಯೋಗದವರೆಗೆ ಒಂದು ಪರಂಪರೆ ಬೆಳೆದು ಬಂದಿದೆ. ಬೆಂಗಳೂರಿನ ಸಾಧನೆಯನ್ನಷ್ಟೇ ದಾಖಲಿಸಿ ಜಮಖಂಡಿಯನ್ನು ಮರೆತರೆ ನಾಡಿನ ವಿಜ್ಞಾನ ಚರಿತ್ರೆ ಒಂದೇ ತರಂಗಾಂತರದ ವೀಕ್ಷಣೆಯಂತೆ ಅಪೂರ್ಣವಾದೀತು. ಉತ್ತರ ಕರ್ನಾಟಕದ ಗ್ರಹಣವೀಕ್ಷಣೆಯ ದಾಖಲೆಗಳನ್ನು ಸಂಗ್ರಹಿಸಿ ಕನ್ನಡಕ್ಕೆ ತರುವ ಕಾರ್ಯವನ್ನು ಸಂಶೋಧಕರು ಕೈಗೊಳ್ಳಬೇಕಾಗಿದೆ.